ಎರಡು ವರ್ಷ ಹಳೆಯ ಸುದ್ದಿ, 11 ಚೀಲ ಚಾಲಿ

2024ರ ಸೆಪ್ಟೆಂಬರ್ 29, ಭಾನುವಾರ. ಪಿತೃಪಕ್ಷ ಮುಗಿಯಲು ಇನ್ನು ಮೂರು ದಿನ ಇತ್ತು. ರಾತ್ರಿ ಎಂಟೂವರೆ ಹೊತ್ತಿಗೆ ಶಿರಸಿ ತಾಲೂಕಿನ ನಮ್ಮ ಊರಿನ ವಾಟ್ಸಾಪ್ ಗ್ರೂಪಿಗೆ ಒಂದು ಸಂದೇಶ ಬಂತು. ಇದ್ದ ಹಾಗೇ ಕೊಡುತ್ತೇನೆ:

“ಅಡಿಕೆ ಬೆಳೆಗಾರರಿಗೆ ಮತ್ತೊಂದು ಬರೆ. ಭೂತಾನ್‌ನಿಂದ 17 ಸಾವಿರ ಟನ್ ಅಡಿಕೆ ಆಮದಿಗೆ ಕೇಂದ್ರ ಒಪ್ಪಿಗೆ. ಕನಿಷ್ಠ ಆಮದು ಬೆಲೆಯೂ ಇಲ್ಲ. ಹಬ್ಬದ ಮೊದಲೇ ಧಾರಣೆ ಅರ್ಧಕ್ಕೆ ಇಳಿಯಲಿದೆ. ಸೊಸೈಟಿಯವರೇ ಹೇಳುತ್ತಿದ್ದಾರೆ, ಮಾಲು ಇದ್ದವರು ಈಗಲೇ ಕೊಟ್ಟುಬಿಡಿ. ನಮ್ಮವರಿಗೆಲ್ಲ ತಿಳಿಸಿ.”

ಕೆಳಗೆ ಪತ್ರಿಕೆಯ ಒಂದು ತುಂಡಿನ ಫೋಟೊ ಇತ್ತು. ಸೊಸೈಟಿ ಎಂದರೆ ನಮ್ಮ ಅಡಿಕೆ ಮಾರಿಕೊಡುವ ಸಹಕಾರಿ ಸಂಘ.

ಮರುದಿನ ಬೆಳಿಗ್ಗೆ ಏಳಕ್ಕೆ ಕೆಳಗಿನಮನೆ ಭಾವನ ಅಂಗಳದಲ್ಲಿ ಪಿಕಪ್ ಗಾಡಿ ನಿಂತಿತ್ತು. ದೀಪಾವಳಿ ಹೊತ್ತಿಗೆ ಧಾರಣೆ ನೋಡಿ ಕೊಡೋಣ ಎಂದು ಮಾಳಿಗೆಯ ಮೇಲೆ ಇಟ್ಟುಕೊಂಡಿದ್ದ 11 ಚೀಲ ಚಾಲಿಯನ್ನು, ಅಂದರೆ ಒಣಗಿಸಿ ಸುಲಿದ ಅಡಿಕೆಯನ್ನು, ಅವರು ಅವತ್ತೇ ಶಿರಸಿಗೆ ಒಯ್ದು ಹಾಕಿ ಬಂದರು. ಮಗಳ ಕಾಲೇಜಿನ ಫೀಸಿಗೆ ಎಂದು ತೆಗೆದಿಟ್ಟ ಮಾಲು ಅದು. ಒಂದು ಚೀಲವನ್ನೂ ಉಳಿಸಿಕೊಳ್ಳಲಿಲ್ಲ.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಮನೆಯಲ್ಲಿ ಎರಡು ಎಕರೆ ಅಡಿಕೆ ತೋಟ ಇದೆ. ಊರಿನ ಗ್ರೂಪಿಗೆ ನಾಲ್ವರು ಅಡ್ಮಿನ್, ಅವರಲ್ಲಿ ನಾನೂ ಒಬ್ಬಳು. ಆ ಸಂದೇಶ ಸುಳ್ಳೋ ನಿಜವೋ ಎಂದು ಭಾವ ಸೋಮವಾರ ಸಂಜೆ ನನ್ನನ್ನು ಕೇಳಿದಾಗ ಒಂದೇ ಮಾತಿನಲ್ಲಿ ಉತ್ತರ ಹೇಳಲು ನನಗೆ ಆಗಲಿಲ್ಲ. ಉತ್ತರ ಸಿಗಲು ಎರಡು ವಾರವೇ ಹಿಡಿಯಿತು. ಆ ಎರಡು ವಾರದ ಪೂರ್ತಿ ಕತೆ ಇದು.

ಅವರು ಎಷ್ಟಕ್ಕೆ ಕೊಟ್ಟರು ಎಂದು ಬರೆಯುವುದಿಲ್ಲ, ಅದು ಅವರ ಮನೆಯ ಲೆಕ್ಕ. ಆಮೇಲೆ ಧಾರಣೆ ಏರಿತೋ ಇಳಿಯಿತೋ ಎಂಬುದನ್ನೂ ಬೇಕೆಂದೇ ಬರೆಯುತ್ತಿಲ್ಲ. ಯಾಕೆ ಎಂದು ಮುಂದೆ ಹೇಳುತ್ತೇನೆ.

ಫೋಟೊದ ಅಂಚಿನಲ್ಲಿ

ಭಾವ ಜಗುಲಿಯಲ್ಲಿ ಕೂತು ಫೋನ್ ಮುಂದೆ ಚಾಚಿದರು. “ತಂಗೀ, ನೀನು ಓದಿದವಳು. ಇದು ಹೌದನೇ?”

“ಕೊಡುವ ಮೊದಲೇ ಕೇಳಬೇಕಿತ್ತಲ್ಲ ಭಾವ” ಎಂದೆ.

“ಯಾರನ್ನ ಕೇಳಲಿ? ನಿನ್ನ ಗಂಡನೇ ಕೆಳಗೆ ‘ಅಯ್ಯೋ ದೇವರೇ’ ಅಂತ ಹಾಕಿದ್ದ. ನೀವೆಲ್ಲ ನಂಬಿದ ಮೇಲೆ ನಾನು ಕೇಳೂದೆಂತದು?”

ನಿಜ. ನನ್ನ ಗಂಡ ಆ ಎರಡು ಶಬ್ದ ಬರೆದಿದ್ದರು. ಅವರು ಪರಿಶೀಲನೆ ಏನೂ ಮಾಡಿರಲಿಲ್ಲ, ಓದಿ ಗಾಬರಿಯಾಗಿತ್ತು, ಬರೆದರು. ಆದರೆ ಕೆಳಗಿನ ಮನೆಯಲ್ಲಿ ಅದು ಸಾಕ್ಷಿ ಹೇಳಿದ ಹಾಗಾಯಿತು. ಇನ್ನೂ ಒಂದು ವಿಷಯ. ಸಂದೇಶದ ತಲೆಯ ಮೇಲೆ ‘ಫಾರ್ವರ್ಡ್’ ಎಂಬ ಗುರುತು ಇರಲಿಲ್ಲ. ವಾಟ್ಸಾಪ್ ಈ ಗುರುತನ್ನು 2018ರಲ್ಲಿ ತಂದಿತು. ಐದು ಅಥವಾ ಅದಕ್ಕಿಂತ ಹೆಚ್ಚು ಕೈ ದಾಟಿದ್ದಕ್ಕೆ ಜೋಡಿ ಬಾಣದ ಗುರುತು ಬರುತ್ತದೆ. 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳಿಸಬಹುದು. ಇದೆಲ್ಲ ಒಳ್ಳೆಯದೇ. ಆದರೆ ಯಾರೋ ಅಕ್ಷರಗಳನ್ನು ಕಾಪಿ ಮಾಡಿ ಅಂಟಿಸಿ, ಫೋಟೊವನ್ನು ತಮ್ಮ ಫೋನಿನಲ್ಲಿ ಇಳಿಸಿಕೊಂಡು ಮತ್ತೆ ಹಾಕಿದರೆ ಬಾಣವೂ ಇಲ್ಲ, ಗುರುತೂ ಇಲ್ಲ. ಊರಿನ ಹುಡುಗನೇ ಬರೆದ ಹಾಗೆ ಕಾಣುತ್ತದೆ. ಭಾವನಿಗೆ ಕಂಡದ್ದೂ ಹಾಗೇ.

ಫೋಟೊ ದೊಡ್ಡದು ಮಾಡಿ ನೋಡಿದೆ. ಪತ್ರಿಕೆಯ ತುಂಡು ಅಸಲಿಯೇ. ಅಕ್ಷರ, ಕಾಗದದ ಬಣ್ಣ, ಮಡಿಕೆಯ ಗೆರೆ ಎಲ್ಲ ಸರಿ ಇತ್ತು. ಒಳಗೆ ‘ಬುಧವಾರ ಅಧಿಸೂಚನೆ ಹೊರಡಿಸಿದೆ’ ಎಂದಿತ್ತು. ಭಾನುವಾರ ಓದಿದವರಿಗೆ ಅದು ಮೊನ್ನೆಯ ಬುಧವಾರ ಅಲ್ವಾ? ಪತ್ರಿಕೆಯ ನೆತ್ತಿ, ಅಂದರೆ ತಾರೀಕು ಇರುವ ಪಟ್ಟಿ, ಫೋಟೊದಲ್ಲಿ ಇರಲಿಲ್ಲ.

ಕಂಡುಹಿಡಿದದ್ದು ನಾನಲ್ಲ, ನನ್ನ ಮಗ. ಒಂಬತ್ತನೇ ತರಗತಿ. ಬಲ ಅಂಚಿನಲ್ಲಿ ಪಕ್ಕದ ಸುದ್ದಿಯ ತಲೆಬರಹ ಅರ್ಧ ಉಳಿದಿತ್ತು. ‘ಅನಿಲ್ ಚೌಹಾಣ್ ಹೊಸ’ ಎಂಬಲ್ಲಿಗೆ ಫೋಟೊ ಮುಗಿದಿತ್ತು. “ಅಮ್ಮ, ಇವರು ಮೂರೂ ಸೇನೆಗೆ ಮುಖ್ಯಸ್ಥರಾಗಿದ್ದು 2022ರಲ್ಲಿ. ನಾನು ಕ್ವಿಜ್‌ಗೆ ಓದಿದ್ದೆ” ಎಂದ. ಜನರಲ್ ಅನಿಲ್ ಚೌಹಾಣ್ ಅವರನ್ನು ರಕ್ಷಣಾ ಪಡೆಗಳ ಮುಖ್ಯಸ್ಥರೆಂದು ಸರ್ಕಾರ ಪ್ರಕಟಿಸಿದ್ದು 2022ರ ಸೆಪ್ಟೆಂಬರ್ 28ರಂದು. ಕ್ಯಾಲೆಂಡರ್ ತೆಗೆದು ನೋಡಿದೆವು. ಬುಧವಾರ.

ಆ ಅರ್ಧ ಸಾಲು ಇಲ್ಲದಿದ್ದರೆ ನಮಗೆ ಇನ್ನೂ ಜಾಸ್ತಿ ಹೊತ್ತು ಹಿಡಿಯುತ್ತಿತ್ತು. ಮಗನಿಗೆ ಅವತ್ತು ನಾನು ಬಾಯಿತುಂಬ ಹೊಗಳಿದೆ.

ಒಂದೊಂದೇ ವಾಕ್ಯ

ಆ ರಾತ್ರಿ ಒಂದು ಹಾಳೆ ತೆಗೆದುಕೊಂಡು ಸಂದೇಶದ ವಾಕ್ಯಗಳನ್ನು ಬೇರೆ ಬೇರೆ ಬರೆದೆ. ಮಕ್ಕಳಿಗೆ ವಾಕ್ಯ ಬಿಡಿಸಲು ಹೇಳುತ್ತೇವಲ್ಲ, ಹಾಗೆ.

17 ಸಾವಿರ ಟನ್ ಎಂಬುದು ನಿಜ. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ 2022ರ ಸೆಪ್ಟೆಂಬರ್ 28ರಂದು ಆದೇಶ ಹೊರಡಿಸಿ, ಭೂತಾನ್‌ನಿಂದ ವರ್ಷಕ್ಕೆ 17 ಸಾವಿರ ಟನ್ ಅಡಿಕೆ ತರಿಸಲು ಬಿಟ್ಟಿತ್ತು. ಪಶ್ಚಿಮ ಬಂಗಾಳದ ಜೈಗಾಂವ್ ಸುಂಕ ಠಾಣೆಯ ಮೂಲಕ ಬರಬೇಕು ಎಂದು ಆ ಆದೇಶದಲ್ಲಿತ್ತು. ಕನಿಷ್ಠ ಆಮದು ಬೆಲೆಯ ಕಟ್ಟು, ಅಂದರೆ ಇಷ್ಟಕ್ಕಿಂತ ಕಡಿಮೆ ಬೆಲೆಗೆ ತರಿಸಬಾರದು ಎಂಬ ನಿಯಮ, ಅದಕ್ಕೆ ಇರಲಿಲ್ಲ. ಇದೂ ನಿಜ.

ಆದರೆ ಆದೇಶದಲ್ಲಿ ಇರುವುದು ಹಸಿ ಅಡಿಕೆ. ಸಂದೇಶದಲ್ಲಿ ‘ಹಸಿ’ ಎಂಬ ಶಬ್ದ ಇಲ್ಲ. ಹಸಿ ಅಡಿಕೆ ಒಣಗಿ, ಸುಲಿದ ಮೇಲೆ ಎಷ್ಟು ತೂಕ ಉಳಿಯುತ್ತದೆ ಎಂದು ನಮ್ಮ ಊರಿನ ಮಕ್ಕಳಿಗೂ ಹೇಳಿಕೊಡಬೇಕಾಗಿಲ್ಲ. ಅಂಗಳದಲ್ಲಿ ಹರವಿದ ರಾಶಿ ದಿನದಿನಕ್ಕೆ ಕುಗ್ಗುವುದನ್ನು ನೋಡಿಯೇ ಬೆಳೆದವರು ನಾವು. ಎರಡೇ ಅಕ್ಷರದ ಒಂದು ಶಬ್ದ ಬಿಟ್ಟುಹೋದದ್ದರಿಂದ 17 ಸಾವಿರ ಟನ್ ಎಂಬುದು 17 ಸಾವಿರ ಟನ್ ಚಾಲಿಯಂತೆ ಕೇಳಿಸಿತು. ನಮ್ಮ ದೇಶದಲ್ಲಿ ಒಂದು ವರ್ಷಕ್ಕೆ ಬೆಳೆಯುವ ಅಡಿಕೆ ಹತ್ತು ಲಕ್ಷ ಟನ್‌ಗಿಂತ ಜಾಸ್ತಿ. ಅದರ ಪಕ್ಕ ಇಟ್ಟು ನೋಡಿದರೆ ನೂರಕ್ಕೆ ಎರಡೂ ಆಗುವುದಿಲ್ಲ. ಇದನ್ನೂ ಸಂದೇಶ ಹೇಳುವುದಿಲ್ಲ.

ಆಮೇಲೆ ಕಾಲ. ‘ಕೇಂದ್ರ ಒಪ್ಪಿಗೆ’ ಎಂಬಲ್ಲಿ ಕ್ರಿಯಾಪದವೇ ಇಲ್ಲ. ನಮ್ಮ ಪತ್ರಿಕೆಗಳ ತಲೆಬರಹ ಹಾಗೇ ಇರುತ್ತದೆ: ‘ಒಪ್ಪಿಗೆ’, ‘ಆದೇಶ’, ‘ಕುಸಿತ’. ಯಾವಾಗ ಎಂಬುದನ್ನು ಮೇಲಿನ ತಾರೀಕು ಹೇಳುತ್ತದೆ. ತಾರೀಕು ಕತ್ತರಿಸಿದರೆ ಆ ತಲೆಬರಹ ಯಾವತ್ತು ಓದಿದರೂ ಇವತ್ತಿನದೇ. ಇಪ್ಪತ್ತು ವರ್ಷ ಕನ್ನಡ ಪಾಠ ಮಾಡಿದ ನನಗೆ ಇದು ಅವತ್ತೇ ಹೊಳೆದದ್ದು.

ಇಲ್ಲಿ ಒಂದು ಸೂಕ್ಷ್ಮ ಇದೆ. ಆ ಆದೇಶ ವರ್ಷಕ್ಕೆ ಇಷ್ಟು ಎಂಬ ಲೆಕ್ಕದ್ದು. ಅಂದರೆ ಸುದ್ದಿ ಹಳೆಯದು, ಆದರೆ ಸತ್ತ ಸುದ್ದಿಯಲ್ಲ. ಸುಳ್ಳಾದದ್ದು ‘ಈಗ ಆಯಿತು’ ಎಂಬ ಭಾವನೆ. ವ್ಯಾಪಾರಿಗಳಿಗೆ, ಸೊಸೈಟಿಗೆ, ಪೇಟೆಗೆಲ್ಲ ಎರಡು ವರ್ಷದಿಂದ ಗೊತ್ತಿದ್ದ ಸಂಗತಿ ಒಂದೇ ರಾತ್ರಿಯಲ್ಲಿ ಧಾರಣೆ ಬೀಳಿಸುವುದಾದರೂ ಹೇಗೆ? ಅಷ್ಟೇ ಅಲ್ಲ, ಮಧ್ಯೆ ಇನ್ನೊಂದು ಬದಲಾವಣೆ ಆಗಿತ್ತು. 2023ರ ಫೆಬ್ರುವರಿ 14ರಂದು ಬೇರೆ ಕಡೆಯಿಂದ ಬರುವ ಅಡಿಕೆಯ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದರು. 2022ರ ತುಂಡಿನಲ್ಲಿ 2023ರ ಸುದ್ದಿ ಹೇಗೆ ಇರುತ್ತದೆ?

‘ಧಾರಣೆ ಅರ್ಧಕ್ಕೆ ಇಳಿಯಲಿದೆ’ ಎಂಬುದು ಭವಿಷ್ಯ. ಭವಿಷ್ಯ ನುಡಿಯುವುದು ಸುಳ್ಳು ಸುದ್ದಿಯಲ್ಲ. ‘ಇಳಿಯಬಹುದು ಅಂತ ನನಗೆ ಅನ್ನಿಸ್ತದೆ’ ಎಂದು ಬರೆದಿದ್ದರೆ ಅದು ಒಬ್ಬರ ಅಂದಾಜು ಅಷ್ಟೇ. ಆದರೆ ಇಲ್ಲಿ ಅಂದಾಜಿಗೆ ಸೊಸೈಟಿಯ ಹೆಸರು ಕಟ್ಟಿದರು. ಧಾರಣೆ ಮುಂದೆ ಏನಾಯಿತು ಎಂದು ನಾನು ಬರೆಯದೇ ಇರುವುದು ಇದಕ್ಕೇ. ಒಂದು ವೇಳೆ ಮರುದಿನವೇ ಧಾರಣೆ ಬಿದ್ದಿದ್ದರೂ ಆ ಸಂದೇಶ ನಿಜ ಆಗುತ್ತಿರಲಿಲ್ಲ. ಬರೆದವರ ಕೈಯಲ್ಲಿ ಆ ಹೊತ್ತಿಗೆ ಏನು ಆಧಾರ ಇತ್ತು, ಅದನ್ನು ಹೇಳಿದರೋ ಮುಚ್ಚಿದರೋ, ನೋಡಬೇಕಾದದ್ದು ಅಷ್ಟು. ಗಾಳಿಗೆ ಎಸೆದ ಕಲ್ಲು ಕಾಯಿಗೆ ಬಿತ್ತು ಎಂದು ಎಸೆದವನನ್ನು ಗುರಿಕಾರ ಎನ್ನಲಿಕ್ಕಾಗುವುದಿಲ್ಲ.

ಮಂಗಳವಾರ ಬೆಳಿಗ್ಗೆ ಸೊಸೈಟಿಗೆ ಫೋನ್ ಮಾಡಿದೆ. ಎರಡು ನಿಮಿಷದ ಮಾತು. ಹಾಗೆ ಯಾರೂ ಹೇಳಿಲ್ಲ, ಹೇಳುವುದೂ ಇಲ್ಲ, ಧಾರಣೆ ಟೆಂಡರಿನಲ್ಲಿ ಆಗುವಂಥದ್ದು ಎಂದರು.

ಹಾಳೆಯ ಮೇಲೆ ಈಗ ಲೆಕ್ಕ ಹೀಗಾಯಿತು. ಫೋಟೊ ಅಸಲಿ. ಸಂಖ್ಯೆ ಅಸಲಿ. ಪತ್ರಿಕೆ ಬರೆದದ್ದು ಸರಿ. ತಾರೀಕು ಹೋಗಿದೆ, ‘ಹಸಿ’ ಹೋಗಿದೆ, ಇಲ್ಲದ ಸೊಸೈಟಿಯ ಮಾತು ಸೇರಿದೆ. ತುಂಡು ತುಂಡಾಗಿ ನೋಡಿದರೆ ಹೆಚ್ಚಿನದು ನಿಜ, ಒಟ್ಟು ಸೇರಿ ಹೇಳುವ ಮಾತು ಸುಳ್ಳು. ‘ಫೋಟೊ ನಿಜವೇ?’ ಎಂದು ಮಾತ್ರ ಕೇಳಿದ್ದರೆ ಈ ಸಂದೇಶ ಪಾಸಾಗುತ್ತಿತ್ತು.

ಆ ಮಳೆಗಾಲದಲ್ಲಿ ನಾವು ಹಾಗೆ ಕೇಳಿ ಕೇಳಿಯೇ ದಣಿದಿದ್ದೆವು. ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದಾಗಿನಿಂದ ಎಲ್ಲೆಲ್ಲಿಯದೋ ಗುಡ್ಡ, ಎಲ್ಲೆಲ್ಲಿಯದೋ ನೆರೆ ನಮ್ಮ ಗ್ರೂಪಿಗೆ ಬರುತ್ತಿತ್ತು. ಆಗಸ್ಟ್ 7ರಂದು ಕಾರವಾರದ ಕಾಳಿ ನದಿಯ ಹಳೆ ಸೇತುವೆ ಬಿದ್ದ ಫೋಟೊ ಬಂದಾಗ ಗ್ರೂಪಿನಲ್ಲಿ ಮೂವರು ‘ಇದು ಫೇಕ್’ ಎಂದರು. ಸೇತುವೆ ನಿಜವಾಗಿ ಬಿದ್ದಿತ್ತು. ಹೆದರಿಸುವ ಚಿತ್ರ ಕಂಡರೆ ಸುಳ್ಳು, ಪತ್ರಿಕೆಯ ಅಕ್ಷರ ಕಂಡರೆ ನಿಜ ಎಂಬ ಅಭ್ಯಾಸ ನಮಗೆ ಆಗಿಹೋಗಿತ್ತು.

ಎಲ್ಲಿಂದ ಹೊರಟಿತು

ಹಾಕಿದ ಹುಡುಗನನ್ನು ಕೇಳಿದೆ. ಅವನಿಗೆ ಮಾವನ ಮಗ ಕಳಿಸಿದ್ದ. ಅವನಿಗೆ ಸಿದ್ದಾಪುರ ಬದಿಯ ಒಂದು ಗ್ರೂಪಿನಿಂದ ಬಂದಿತ್ತು. ಹೀಗೆ ನಾಲ್ಕು ಜನರನ್ನು ಹಿಡಿದು ಹಿಂದೆ ಹೋದೆ. ಸಾಮಾನ್ಯವಾಗಿ ಇಲ್ಲಿಗೇ ದಾರಿ ಮುಚ್ಚುತ್ತದೆ, ಯಾಕೆಂದರೆ ಮೊದಲು ಕಳಿಸಿದವರು ಯಾರು ಎಂದು ವಾಟ್ಸಾಪ್ ತೋರಿಸುವುದಿಲ್ಲ. ನಮ್ಮ ಅದೃಷ್ಟಕ್ಕೆ ನಾಲ್ಕನೆಯವರು ಫೋಟೊ ತೆಗೆದುಕೊಂಡದ್ದು ಫೇಸ್‌ಬುಕ್‌ನಿಂದ, ಮತ್ತು ಯಾರ ಪುಟದಿಂದ ಎಂದು ಅವರಿಗೆ ನೆನಪಿತ್ತು.

ಅವರು ನಿವೃತ್ತ ಮಾಸ್ತರರು. ನಮ್ಮ ಕಡೆಯ ಅಡಿಕೆ ಬೆಳೆಗಾರರ ಸಭೆ ಎಲ್ಲೇ ಇರಲಿ, ಮುಂದಿನ ಸಾಲಿನಲ್ಲಿ ಕೂರುವವರು. 2022ರಲ್ಲಿ ಆ ಪತ್ರಿಕೆ ಬಂದ ದಿನ ಸಿಟ್ಟಿನಿಂದ ಫೋಟೊ ತೆಗೆದು ಹಾಕಿದ್ದರು. ಅವರ ಸಿಟ್ಟಿಗೆ ಕಾರಣ ಇತ್ತು. ಆಮದಿನ ವಿಷಯದಲ್ಲಿ ಬೆಳೆಗಾರರನ್ನು ಯಾರೂ ಕೇಳುವುದಿಲ್ಲ ಎಂಬ ನೋವು ನಮ್ಮೆಲ್ಲರದ್ದೂ ಹೌದು. ಎರಡು ವರ್ಷದ ನಂತರ ಅದೇ ದಿನ ಫೇಸ್‌ಬುಕ್ ತಾನಾಗಿಯೇ ‘2 ವರ್ಷಗಳ ಹಿಂದೆ’ ಎಂದು ಆ ಫೋಟೊವನ್ನು ಅವರ ಮುಂದೆ ತಂದಿಟ್ಟಿತು. ಅವರು ‘ಮರೆಯಬಾರದು’ ಎಂದು ಬರೆದು ಮತ್ತೆ ಹಂಚಿದರು. ಅಲ್ಲಿ ತಾರೀಕು ಇತ್ತು, ಎರಡು ವರ್ಷ ಎಂಬುದೂ ಇತ್ತು. ನೋಡಿದವರೊಬ್ಬರು ಫೋಟೊ ಮಾತ್ರ ಇಳಿಸಿಕೊಂಡರು. ಮುಂದಿನವರು ಫೋನಿನ ಪರದೆಗೆ ಸರಿಯಾಗಲಿ ಎಂದು ನಾಲ್ಕೂ ಬದಿ ಕತ್ತರಿಸಿದರು. ಅದರ ಮುಂದಿನವರು ನಾಲ್ಕು ಸಾಲು ಬರೆದು ಸೇರಿಸಿದರು.

‘ಸೊಸೈಟಿಯವರೇ ಹೇಳುತ್ತಿದ್ದಾರೆ’ ಎಂದು ಸೇರಿಸಿದವನೂ ಸಿಕ್ಕಿದ. ಇಪ್ಪತ್ತೈದರ ಹುಡುಗ. ಚಾ ಅಂಗಡಿಯಲ್ಲಿ ಈ ಫೋಟೊ ತೋರಿಸಿದ್ದನಂತೆ. ಅಲ್ಲಿ ಕೂತಿದ್ದ, ಚೀಲ ಇಳಿಸುವ ಕೆಲಸದವರೊಬ್ಬರು “ಹೌದಂತೆ, ಇಳಿತದಂತೆ” ಎಂದರಂತೆ. ಇವನು ಅದನ್ನು ‘ಸೊಸೈಟಿಯವರೇ’ ಎಂದು ಬರೆದ. “ಅಕ್ಕ, ಬೇಗ ಕೊಟ್ಟು ನಾಲ್ಕು ಜನ ಬಚಾವಾಗಲಿ ಅಂತ ಹಾಕಿದ್ದು” ಎಂದ. ಕಣ್ಣಲ್ಲಿ ನೀರಿತ್ತು. ನನಗೆ ಅವನ ಮಾತಿನಲ್ಲಿ ಅನುಮಾನ ಬರಲಿಲ್ಲ.

ಗ್ರೂಪಿನಲ್ಲಿ ಆ ಹೊತ್ತಿಗೆ ಪೊಲೀಸ್ ದೂರು ಕೊಡೋಣ ಎಂಬ ಮಾತು ಎದ್ದಿತ್ತು. ಕಾನೂನು ಇಲ್ಲ ಎಂದಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 353ನೇ ಕಲಮು ಜನರಲ್ಲಿ ಭಯ, ದ್ವೇಷ ಹುಟ್ಟಿಸುವ ಸುಳ್ಳು ಮಾತುಗಳ ಬಗ್ಗೆಯೇ ಇದೆ. ನಿಜ ಎಂದು ನಂಬಲು ಕಾರಣ ಇದ್ದು, ಕೆಟ್ಟ ಉದ್ದೇಶ ಇಲ್ಲದೆ ಹೇಳಿದವರಿಗೆ ಅದೇ ಕಲಮು ವಿನಾಯಿತಿಯನ್ನೂ ಕೊಡುತ್ತದೆ. ಆ ಹುಡುಗನ ಮೇಲೆ ದೂರು ಬೇಡ ಎಂದು ನಾನು ಹಟ ಹಿಡಿದೆ, ಭಾವನೂ ಬೇಡ ಎಂದರು.

ಇಂಥದ್ದಕ್ಕೆ ಹೆಸರು ಇಡಲು ಪ್ರಯತ್ನ ಮಾಡಿದವರಿದ್ದಾರೆ. ಕ್ಲೇರ್ ವಾರ್ಡ್ಲ್ ಮತ್ತು ಹೊಸೈನ್ ದೆರಖ್ಶಾನ್ ಎಂಬ ಇಬ್ಬರು 2017ರಲ್ಲಿ ಯುರೋಪ್ ಮಂಡಳಿಗಾಗಿ ಬರೆದ ವರದಿಯಲ್ಲಿ ಮೂರು ಬಗೆ ಮಾಡಿದರು. ಸುಳ್ಳು ಎಂದು ಗೊತ್ತಿಲ್ಲದೆ ಹಂಚುವುದು ಒಂದು. ಸುಳ್ಳು ಎಂದು ಗೊತ್ತಿದ್ದೇ, ಕೇಡು ಮಾಡಲು ಹಂಚುವುದು ಇನ್ನೊಂದು. ನಿಜವನ್ನೇ ಯಾರಿಗೋ ಕೇಡಾಗಲಿ ಎಂದು ಹೊರಗೆ ಹಾಕುವುದು ಮೂರನೆಯದು. ಈ ವಿಂಗಡಣೆ ಓದಿದ ಮೇಲೆ ನನಗೆ ಎಷ್ಟೋ ಸಮಾಧಾನ ಆಯಿತು. ಸಂದೇಶ ಸುಳ್ಳೇ ಎಂಬುದು ಒಂದು ಪ್ರಶ್ನೆ, ಕಳಿಸಿದವರು ಸುಳ್ಳರೇ ಎಂಬುದು ಬೇರೆ ಪ್ರಶ್ನೆ. ನಾವು ಎರಡನ್ನೂ ಕಲಸುತ್ತೇವೆ. ಒಳ್ಳೆಯ ಹುಡುಗ, ಹಾಗಾಗಿ ಅವನು ಹಾಕಿದ್ದು ನಿಜ ಎಂದು ಭಾನುವಾರ ನಂಬಿದೆವು. ಸುದ್ದಿ ಸುಳ್ಳು, ಹಾಗಾಗಿ ಅವನು ಕಳ್ಳ ಎಂದು ಮಂಗಳವಾರ ಹೊಡೆಯಲು ಹೊರಟೆವು.

ಆದರೆ ಇದನ್ನೂ ಹೇಳಬೇಕು. ಮಾಸ್ತರರಿಂದ ನಮ್ಮ ಗ್ರೂಪಿನವರೆಗೆ ಒಬ್ಬರಲ್ಲೂ ಕೆಟ್ಟ ಉದ್ದೇಶ ಇರಲಿಲ್ಲ. ಹಾಗೆಂದು ಭಾವನ ಮಾಳಿಗೆಗೆ ಚೀಲ ವಾಪಸ್ ಬರಲಿಲ್ಲ.

ಫೇಕ್ ಎಂಬ ಕೆಂಪು ಮುದ್ರೆ

ಸೋಮವಾರ ಮಧ್ಯಾಹ್ನವೇ ಇನ್ನೊಂದು ಚಿತ್ರ ಬಂದಿತ್ತು. ಅದೇ ಪತ್ರಿಕೆಯ ತುಂಡು, ಮೇಲೆ ಓರೆಯಾಗಿ ‘ಫೇಕ್’ ಎಂದು ದಪ್ಪ ಕೆಂಪು ಅಕ್ಷರ. ಕೆಳಗೆ, “ಇದು ಸುಳ್ಳು ಸುದ್ದಿ. ಭೂತಾನ್‌ನಿಂದ ಅಡಿಕೆ ಆಮದಿಗೆ ಒಪ್ಪಿಗೆಯೇ ಇಲ್ಲ. ಯಾರೂ ನಂಬಬೇಡಿ.”

ನಾನು ಶಾಲೆಯ ಸ್ಟಾಫ್ ರೂಮಿನಲ್ಲಿ ಅದನ್ನು ನೋಡಿ, ಸದ್ಯ ಬದುಕಿದೆವು ಎನ್ನಿಸಿ, ಹೆಬ್ಬೆರಳಿನ ಗುರುತು ಒತ್ತಿದೆ. ಒಂದು ಸಾಲನ್ನೂ ಪರೀಕ್ಷೆ ಮಾಡಲಿಲ್ಲ. ಸಂಜೆ ಫೋಟೊದ ತಾರೀಕು ಗೊತ್ತಾದ ಮೇಲೆ ನನಗೆ ಕೆಟ್ಟದೆನಿಸಿದ್ದು ಇದಕ್ಕೇ. ಒಪ್ಪಿಗೆಯೇ ಇಲ್ಲ ಎಂಬುದು ಶುದ್ಧ ತಪ್ಪು. ಆದೇಶ ಇದೆ. ಮೊದಲ ಸಂದೇಶದಲ್ಲಿ ನಿಜವಾದ ಅಂಶ ಏನಿತ್ತೋ ಅದನ್ನೇ ಎರಡನೆಯದು ಸುಳ್ಳು ಎಂದಿತು. ತಪ್ಪನ್ನು ತಿದ್ದುವ ವೇಷದಲ್ಲಿ ಬಂದದ್ದರಿಂದ ಅದಕ್ಕೆ ಇನ್ನೂ ಜಾಸ್ತಿ ಮರ್ಯಾದೆ ಸಿಕ್ಕಿತು.

ಇದರ ಕೆಡುಕು ದೂರ ಹೋಗುತ್ತದೆ. ನಾಳೆ ಬೆಳೆಗಾರರು ಆಮದಿನ ವಿಷಯವನ್ನು ಸರ್ಕಾರದ ಮುಂದೆ ಎತ್ತಿದಾಗ ‘ಅದು ಫೇಕ್ ಅಂತ ಅವತ್ತೇ ಗೊತ್ತಾಗಿತ್ತಲ್ಲ’ ಎನ್ನುವವರು ನಮ್ಮೊಳಗೇ ಇರುತ್ತಾರೆ.

ಅಡ್ಮಿನ್ ಆಗಿ ಎರಡನ್ನೂ ಅಳಿಸಬಹುದಿತ್ತು. ಅಳಿಸಲಿಲ್ಲ. ಅಷ್ಟರಲ್ಲಿ ಎಲ್ಲರ ಫೋನಿನಲ್ಲೂ ಇಳಿದಿತ್ತು. ಅಳಿಸಿದ್ದರೆ ‘ಏನೋ ಮುಚ್ಚಿಡ್ತಿದ್ದಾರೆ’ ಎಂಬ ಮೂರನೆಯ ಸುದ್ದಿ ಹುಟ್ಟುತ್ತಿತ್ತು. ಎರಡಕ್ಕೂ ಉತ್ತರವಾಗಿ ಮಂಗಳವಾರ ಇಷ್ಟು ಬರೆದೆ:

“ಭೂತಾನ್ ಅಡಿಕೆಯ ಆದೇಶ ನಿಜ. ಅದು 2022ರ ಸೆಪ್ಟೆಂಬರ್ 28ರದ್ದು, ಹೊಸದಲ್ಲ. ಹಸಿ ಅಡಿಕೆಗೆ ಮಾತ್ರ. ಧಾರಣೆ ಅರ್ಧಕ್ಕೆ ಇಳಿಯುತ್ತದೆ ಎಂದು ಸೊಸೈಟಿಯವರು ಹೇಳಿಲ್ಲ, ಇವತ್ತು ಬೆಳಿಗ್ಗೆ ಫೋನ್ ಮಾಡಿ ಕೇಳಿದ್ದೇನೆ. ಆದೇಶವೇ ಇಲ್ಲ ಎಂಬ ಕೆಂಪು ಮುದ್ರೆಯ ಚಿತ್ರವೂ ತಪ್ಪು. ಅದಕ್ಕೆ ನಾನೂ ಹೆಬ್ಬೆರಳು ಒತ್ತಿದ್ದೆ, ತಪ್ಪಾಯಿತು. ಕೊಡುವುದು ಇಟ್ಟುಕೊಳ್ಳುವುದು ನಿಮ್ಮ ನಿಮ್ಮ ಲೆಕ್ಕ.”

ಈ ಏಳೆಂಟು ಸಾಲು ಬರೆಯಲು ಒಂದು ಗಂಟೆ ಬೇಕಾಯಿತು. ಸುಳ್ಳು ಬರೆಯಲು ಅಷ್ಟು ಹೊತ್ತು ಬೇಡ. ನೂರಾ ಎಂಬತ್ತು ಜನರ ಗ್ರೂಪಿನಲ್ಲಿ ಒಂಬತ್ತು ಜನ ಉತ್ತರ ಕೊಟ್ಟರು. ಕೆಂಪು ಮುದ್ರೆಯ ಚಿತ್ರಕ್ಕೆ ಐವತ್ತಕ್ಕೂ ಹೆಚ್ಚು ಹೆಬ್ಬೆರಳು ಬಂದಿತ್ತು.

ನಮಗೆ ಇಷ್ಟವಾದ ಸಂದೇಶ

ಪ್ರಕರಣ ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಆದರೆ ಸುಳ್ಳು ಸುದ್ದಿ ಅಂದರೆ ಏನು ಎಂಬುದು ನನಗೆ ಸರಿಯಾಗಿ ಅರ್ಥವಾದದ್ದು ಹತ್ತು ದಿನ ಕಳೆದ ಮೇಲೆ.

ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯವರ ಒಂದು ಅಧ್ಯಯನ ‘ಲ್ಯಾನ್ಸೆಟ್ ಆಂಕಾಲಜಿ’ ಪತ್ರಿಕೆಯಲ್ಲಿ ಬಂತು. 2022ರಲ್ಲಿ ಜಗತ್ತಿನಲ್ಲಿ ಪತ್ತೆಯಾದ ಬಾಯಿ ಕ್ಯಾನ್ಸರ್‌ಗಳಲ್ಲಿ ಸುಮಾರು 1,20,200 ಪ್ರಕರಣ, ಅಂದರೆ ಹತ್ತಿರ ಹತ್ತಿರ ಮೂರರಲ್ಲಿ ಒಂದು, ಹೊಗೆ ಇಲ್ಲದ ತಂಬಾಕು ಅಥವಾ ಅಡಿಕೆಯಿಂದ ಆದದ್ದು ಎಂಬ ಅಂದಾಜು ಅದರಲ್ಲಿತ್ತು. ಮಲೆನಾಡಿನ ಫೋನುಗಳೆಲ್ಲ ಬಿಸಿಯಾದವು.

ನಮ್ಮ ಗ್ರೂಪಿಗೆ ಒಂದೇ ದಿನ ಎರಡು ಸಂದೇಶ ಬಂದವು. ‘ಅಡಿಕೆಯಿಂದ 1.2 ಲಕ್ಷ ಜನರಿಗೆ ಕ್ಯಾನ್ಸರ್’ ಎಂಬುದು ಒಂದು. ಎಲ್ಲರೂ ಅದರ ಮೇಲೆ ಮುಗಿಬಿದ್ದರು. ಮುಗಿಬಿದ್ದದ್ದು ಸರಿಯೇ. ಅಧ್ಯಯನ ಹೇಳಿದ್ದು ‘ತಂಬಾಕು ಅಥವಾ ಅಡಿಕೆ’ ಎಂದು. ಸಂದೇಶದಲ್ಲಿ ತಂಬಾಕು ಬಿಟ್ಟುಹೋಗಿತ್ತು, ಭೂತಾನ್ ಸುದ್ದಿಯಲ್ಲಿ ‘ಹಸಿ’ ಬಿಟ್ಟುಹೋದ ಹಾಗೆ. ಎರಡನೆಯದು: ‘ಅಡಿಕೆಗೂ ಕ್ಯಾನ್ಸರಿಗೂ ನಂಟೇ ಇಲ್ಲ, ಎಲ್ಲ ತಂಬಾಕಿನಿಂದ. ಅಡಿಕೆ ಕ್ಯಾನ್ಸರ್ ಗುಣಪಡಿಸುತ್ತದೆ ಎಂದು ವಿಜ್ಞಾನಿಗಳೇ ಹೇಳಿದ್ದಾರೆ.’ ಯಾವ ವಿಜ್ಞಾನಿ, ಎಲ್ಲಿ, ಯಾವಾಗ, ಒಂದೂ ಇಲ್ಲ. ಅದಕ್ಕೆ ಸಾಲು ಸಾಲು ಚಪ್ಪಾಳೆ. ಹತ್ತು ದಿನದ ಹಿಂದೆ ‘ತಾರೀಕು ಇಲ್ಲದ್ದನ್ನ ಯಾರೂ ಹಾಕಬೇಡಿ’ ಎಂದು ಗುಡುಗಿದವರೇ ಮೊದಲು ಚಪ್ಪಾಳೆ ಹೊಡೆದವರು.

ನಾನು ತೋಟದ ಮನೆಗೆ ಸೊಸೆಯಾಗಿ ಬಂದವಳು. ನನ್ನ ಮಕ್ಕಳ ಅನ್ನ ಅಡಿಕೆಯದ್ದು. ಆದರೂ ಇದು ಬರೆಯಲೇಬೇಕು. ಅದೇ ಸಂಸ್ಥೆ 2004ರಲ್ಲೇ ಅಡಿಕೆಯನ್ನು, ತಂಬಾಕು ಹಾಕದ ಕವಳವನ್ನೂ (ಎಲೆ-ಅಡಿಕೆ) ಸೇರಿಸಿ, ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಒಂದನೇ ಗುಂಪಿಗೆ ಹಾಕಿತು. ನಂಟೇ ಇಲ್ಲ ಎಂಬುದು ಸುಳ್ಳು. ಹಾಗೆಂದು ‘ಅಡಿಕೆ ವಿಷ, ಸಿಗರೇಟಿನಷ್ಟೇ ಅಪಾಯ’ ಎಂದು ಗುಂಪಿನ ಹೆಸರು ಹೇಳಿ ಹಂಚುವುದೂ ತಪ್ಪು. ಒಂದನೇ ಗುಂಪು ಎಂದರೆ ಸಾಕ್ಷಿ ಗಟ್ಟಿಯಾಗಿದೆ ಎಂದು ಅರ್ಥ. ಅಪಾಯ ಎಷ್ಟು ಎಂಬ ಅಳತೆ ಅದರಲ್ಲಿ ಇಲ್ಲ. ತಂಬಾಕಿನ ಹೊಗೆ, ಹೆಂಡ, ಬಿಸಿಲಿನ ಕಿರಣ ಎಲ್ಲವೂ ಅದೇ ಗುಂಪಿನಲ್ಲಿವೆ.

ಮಾವ ಕವಳದ ಬಟ್ಟಲು ಮುಂದಿಟ್ಟುಕೊಂಡು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಬೆರಳಲ್ಲಿ ಸುಣ್ಣ ಹಾಗೇ ಇತ್ತು. ಫೋನಿನಲ್ಲಿದ್ದದ್ದನ್ನು ಓದಿ ಹೇಳಿದೆ. ಸುಮ್ನೆ ಕೇಳಿದರು. “ಗುಣ ಆಗ್ತದೆ ಅಂತ ಬಂದದ್ದು ಸುಳ್ಳೋ ಹಂಗಾದ್ರೆ?” ಎಂದರು. ಹೌದು ಮಾವ ಎಂದೆ. “ಗ್ರೂಪಿಗೆ ಬರಿತ್ಯಾ?”

ಬರೆಯಲು ನನಗೆ ಭಯ ಇತ್ತು. ಭೂತಾನ್ ಸುದ್ದಿ ತಿದ್ದಿದಾಗ ಊರಿಗೆ ಉಪಕಾರ ಮಾಡಿದವಳಾಗಿದ್ದೆ. ಇದನ್ನು ತಿದ್ದಿದರೆ ಊರಿನ ಹೊಟ್ಟೆಯ ಮೇಲೆ ಹೊಡೆದವಳಾಗುತ್ತೇನೆ. ಆಗ ಗೊತ್ತಾಯಿತು, ಅಷ್ಟು ದಿನ ನಮ್ಮ ಗ್ರೂಪಿನಲ್ಲಿ ‘ಸುಳ್ಳು ಸುದ್ದಿ’ ಎಂಬ ಶಬ್ದಕ್ಕೆ ‘ನಮಗೆ ನಷ್ಟ ತರುವ ಸುದ್ದಿ’ ಎಂಬ ಅರ್ಥ ಇತ್ತು. ಲಾಭದ್ದಾದರೆ, ಹೆಮ್ಮೆಯದ್ದಾದರೆ ತಾರೀಕು ಕೇಳುವುದಿಲ್ಲ, ಹೆಸರು ಕೇಳುವುದಿಲ್ಲ. ಭಾನುವಾರದ ಸಂದೇಶಕ್ಕೆ ಇಟ್ಟ ಅಳತೆಯನ್ನೇ ಇದಕ್ಕೂ ಇಡಬೇಕು. ಇಡದಿದ್ದರೆ ಅವತ್ತು ಭಾವನಿಗೆ ಹೇಳಿದ್ದಕ್ಕೆಲ್ಲ ಬೆಲೆ ಇಲ್ಲ.

ಬರೆದೆ. ಎರಡೂ ಸಂದೇಶದಲ್ಲಿ ಯಾವುದು ಸರಿ, ಯಾವುದು ತಪ್ಪು, 2004, 2024, ಎಲ್ಲ ಹಾಕಿದೆ. ಇಬ್ಬರು ಗ್ರೂಪ್ ಬಿಟ್ಟು ಹೋದರು. ಒಬ್ಬರು ‘ಅಡಿಕೆಯ ಅನ್ನ ತಿಂದು ಅಡಿಕೆಗೇ ಬೈತಾರೆ’ ಎಂದು ಬರೆದರು. ಓದಿ ತುಂಬಾ ಬೇಜಾರಾಯಿತು, ಉತ್ತರ ಕೊಡಲಿಲ್ಲ. ರಾತ್ರಿ ಹತ್ತರ ಮೇಲೆ ಭಾವ, ಚಪ್ಪಾಳೆ ಹೊಡೆದಿದ್ದವರಲ್ಲಿ ಅವರೂ ಒಬ್ಬರು, ತಮ್ಮ ಚಪ್ಪಾಳೆ ತೆಗೆದರು. ಅದರ ಬಗ್ಗೆ ನನ್ನ ಹತ್ತಿರ ಈವರೆಗೂ ಮಾತಾಡಿಲ್ಲ.

ನಿವೃತ್ತ ಮಾಸ್ತರರ ಮನೆಗೂ ಒಂದು ದಿನ ಹೋಗಿದ್ದೆ. ತಮ್ಮ ಹಳೆಯ ಫೋಟೊದಿಂದ ಹೀಗೆಲ್ಲ ಆಯಿತು ಎಂದು ಅವರು ತೀರಾ ನೊಂದಿದ್ದರು. ತೆಗೆದುಬಿಡಲೇ ಎಂದು ಕೇಳಿದರು. ತೆಗೆಯಬೇಡಿ ಎಂದೆ. 2022ರಲ್ಲಿ ಅವರು ಸಿಟ್ಟಾದದ್ದು ನಿಜ ಸುದ್ದಿಗೆ, ಅದು ಅಲ್ಲೇ ಇರಲಿ. ಇಬ್ಬರೂ ಕೂತು ಫೋಟೊ ಬದಲಿಸಿದೆವು. ಅವರು ಅಟ್ಟದಿಂದ ಹಳೆ ಪತ್ರಿಕೆಯ ಕಟ್ಟು ಇಳಿಸಿ, ಆ ಸಂಚಿಕೆ ಹುಡುಕಿ ತೆಗೆದರು. ಈ ಸಲ ಪುಟ ಪೂರ್ತಿ ಬರುವ ಹಾಗೆ, ನೆತ್ತಿಯ ತಾರೀಕೂ ಸೇರಿಸಿ ಫೋಟೊ ಹಿಡಿದೆವು. ಸುದ್ದಿಯ ನಟ್ಟನಡುವೆ, ಯಾರು ಕತ್ತರಿಸಿದರೂ ಹೋಗದ ಹಾಗೆ, ಅವರು ಕೆಂಪು ಪೆನ್ನಿನಲ್ಲಿ ಮಾಸ್ತರರ ದುಂಡು ಅಕ್ಷರದಲ್ಲಿ ‘2022’ ಎಂದು ಬರೆದರು.

2025ರ ಸೆಪ್ಟೆಂಬರ್ 29ಕ್ಕೆ ಫೇಸ್‌ಬುಕ್ ಅದನ್ನು ಮತ್ತೆ ಅವರ ಮುಂದೆ ತಂದಿಟ್ಟಿತು. ಅವರು ಹಂಚಿದರು. ಸಂಜೆಯೊಳಗೆ ಅದು ನಮ್ಮ ಗ್ರೂಪಿಗೂ ಬಂತು, ನಾಲ್ಕೂ ಬದಿ ಕತ್ತರಿಸಿಕೊಂಡೇ ಬಂತು. ನಡುವೆ ಕೆಂಪು ಅಕ್ಷರ ಹಾಗೇ ಇತ್ತು.